ಸೂರಮ್ಮನ ಕೊಸರು

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿದ್ದ ಹನುಮಣ್ಣನ ಅಂಗಡಿಗೆ ಒಂದು ಬೋರ್ಡು ಇತ್ತು, ಬೋರ್ಡಿನ ಮೇಲೆ ದೇವರ ಹೆಸರೂ ಇತ್ತು. ಆದರೆ ಆ ಹೆಸರು ಹಿಡಿದು ಕೇಳಿದರೆ ಯಾರೂ ದಾರಿ ತೋರಿಸುತ್ತಿರಲಿಲ್ಲ. ಕೊಸರಿನ ಹನುಮಣ್ಣನ ಅಂಗಡಿ ಎಲ್ಲಿ ಅಂತ ಕೇಳಬೇಕಿತ್ತು. ಹಾಗೆ ಕೇಳಿದರೆ ಪಂಕ್ಚರ್ ಹಾಕುವವನು ಕೂಡ ಕೈಯಲ್ಲಿದ್ದ ಟ್ಯೂಬು ಬಿಟ್ಟು ಎದ್ದು ಬಂದು ತೋರಿಸುತ್ತಿದ್ದ.

ಕೊಸರು ಹಾಕದ ಅಂಗಡಿ ಆಗ ಯಾವುದಿತ್ತು ಹೇಳಿ? ಎಲ್ಲರೂ ಹಾಕುತ್ತಿದ್ದರು. ಕೆಲವರು ಹೇಗೆ ಹಾಕುತ್ತಿದ್ದರು ಅಂದರೆ, ಬೆಲ್ಲ ತೂಗಿ, ತಟ್ಟೆಗೆ ಅಂಟಿದ್ದ ಪುಡಿಯನ್ನು ಉಗುರಿನಲ್ಲಿ ಕೆರೆದು ಪೊಟ್ಟಣಕ್ಕೆ ಉದುರಿಸಿ, ಹೊಲ ಬರೆದುಕೊಟ್ಟವರ ಹಾಗೆ ಮುಖ ಮಾಡುತ್ತಿದ್ದರು. ಹನುಮಣ್ಣನದು ಆ ಜಾತಿಯ ಕೈಯಲ್ಲ. ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವ ತನಕ ಕಾಯುತ್ತಿದ್ದ. ನಿಂತ ಮೇಲೆ ಗಿರಾಕಿಯ ಮುಖ ನೋಡುತ್ತಿದ್ದ. ಅವರು ಹೂಂ ಅಂದ ಮೇಲೆ ಮತ್ತೆ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ತೂಕದ ಮೇಲೆ ಸುರಿದು, "ತೂಕ ಮುಗೀತು, ಇದು ನಿಂದು" ಅನ್ನುತ್ತಿದ್ದ. ಸಕ್ಕರೆಗೆ ಒಂದು ಚಮಚ, ಬೆಲ್ಲಕ್ಕೆ ಒಂದು ಚೂರು, ಏನೂ ಇಲ್ಲದಿದ್ದರೆ ಒಂದು ಹಿಡಿ ಹುರಿಗಡಲೆ. ಬರಿಗೈಯಲ್ಲಿ ಮೆಟ್ಟಿಲು ಇಳಿದವರಿಲ್ಲ.

ಆ ಅಂಗಡಿಯ ದೊಡ್ಡ ಗಿರಾಕಿ ಅಂದರೆ ದೊಡ್ಡಉಳ್ಳಾರ್ತಿಯ ಸೂರಮ್ಮ. ದೊಡ್ಡ ಗಿರಾಕಿ ಅಂದರೆ ಅವಳೇನು ಮೂಟೆಗಟ್ಟಲೆ ಒಯ್ಯುತ್ತಿರಲಿಲ್ಲ. ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುವ ಮನೆ, ಒಂದಿಷ್ಟು ಶೇಂಗಾ ಹೊಲ, ಅಷ್ಟೇ. ಆದರೆ ಸಂತೆಯ ದಿನ ಅವಳು ಟೆಂಪೋ ಇಳಿದಳು ಅಂದರೆ ಹಿಂದೆ ಅವಳ ಓಣಿಯ ಹೆಂಗಸರೆಲ್ಲ ಇಳಿಯುತ್ತಿದ್ದರು. ಸೂರಮ್ಮ ಯಾವ ಅಂಗಡಿ ಹತ್ತಿದರೆ ಅವರೂ ಅದನ್ನೇ ಹತ್ತುತ್ತಿದ್ದರು. ಸೂರಮ್ಮ ಒಂದು ಸೋಪು ಮೂಸಿ ನೋಡಿ ಮುಖ ಸಿಂಡರಿಸಿದರೆ ಆ ಸೋಪು ಆ ಓಣಿಗೆ ಹೋಗುತ್ತಿರಲಿಲ್ಲ.

ಅವಳಿಗೂ ಹನುಮಣ್ಣನಿಗೂ ಪ್ರತಿ ಸಂತೆಗೆ ಜಗಳ.

"ಇದೇನೋ ಹನುಮಣ್ಣ, ಗುಬ್ಬಿಗೆ ಹಾಕ್ದಂಗೆ ಹಾಕ್ತೀಯ? ಇನ್ನೊಂದು ಹಿಡಿ ಹಾಕೋ."

"ಸೂರಕ್ಕ, ನಿನಗೆ ಕೊಸರು ಹಾಕಿ ಹಾಕೀನೇ ನನ್ ಅಂಗಡಿ ಇಷ್ಟಕ್ಕೇ ನಿಂತೈತೆ."

"ಇಲ್ದಿದ್ರೆ ಮಾಳಿಗೆ ಮ್ಯಾಲೆ ಮಾಳಿಗೆ ಕಟ್ತಿದ್ದಿ ಬಿಡು. ಹಾಕೋ ಮೊದ್ಲು!"

ಹಾಕುತ್ತಿದ್ದ. ಹಾಕದೆ ಎಲ್ಲಿಗೆ ಹೋಗುತ್ತಾನೆ? ಅಪ್ಪ ತೀರಿಕೊಂಡ ಮೇಲೆ ಹನುಮಣ್ಣ ಮೊದಲ ಸಲ ಒಬ್ಬನೇ ಗಲ್ಲಾದ ಮುಂದೆ ಕೂತಿದ್ದ. ತೂಗಿ ಕೊಟ್ಟವನು ಕೊಸರು ಹಾಕುವುದನ್ನೇ ಮರೆತಿದ್ದ. ಸೂರಮ್ಮ ಸೆರಗು ಒಡ್ಡಿಕೊಂಡು ಅಲ್ಲೇ ನಿಂತಿದ್ದಳು. "ನಿಮ್ಮಪ್ಪ ಹೋದ ಅಂತ ನಮ್ ಕೊಸರೂ ಹೋತೇನೋ?" ಅಂದಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದವನು ನಕ್ಕುಬಿಟ್ಟಿದ್ದ. ಅವತ್ತಿನಿಂದ ಅವನ ಪಾಲಿಗೆ ಅವಳು ಗಿರಾಕಿ ಅಲ್ಲ, ಅಕ್ಕ.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಗಾಜಿನ ಅಂಗಡಿ ಬಂತು. ಅದರ ನಿಜವಾದ ಹೆಸರು ಇಂಗ್ಲಿಷಿನಲ್ಲಿ ಏನೋ ಇತ್ತು. ಬಾಗಿಲು ಗಾಜಿನದಾಗಿದ್ದರಿಂದ ಊರವರು ಗಾಜಿನ ಅಂಗಡಿ ಅಂದರು. ಒಳಗೆ ಹೋದರೆ ಒಂದು ಬುಟ್ಟಿ ಕೊಡುತ್ತಾರೆ, ಸಾಲಾಗಿ ಜೋಡಿಸಿದ ಪ್ಯಾಕೆಟ್ಟುಗಳಲ್ಲಿ ಬೇಕಾದ್ದು ಎತ್ತಿಕೊಳ್ಳಬೇಕು, ಹೊರಗೆ ಬರುವಾಗ ಯಂತ್ರ ಬಿಲ್ಲು ಕೊಡುತ್ತದೆ. ಮೊದಮೊದಲು ಜನ ನೋಡಲು ಹೋದರು. ಆಮೇಲೆ ಕೊಳ್ಳಲು ಹೋದರು. ಹೈಸ್ಕೂಲಿನ ಮೇಷ್ಟ್ರ ಮನೆಯವರು ಹೋದರು, ಎಣ್ಣೆ ಮಿಲ್ಲಿನ ಗುಮಾಸ್ತರು ಹೋದರು. ಹನುಮಣ್ಣನ ಪಕ್ಕದ ಮನೆಯವರೇ ಅಲ್ಲಿಂದ ಚೀಲ ತುಂಬಿಸಿಕೊಂಡು, ಇವನ ಅಂಗಡಿ ಮುಂದೆ ಬರುವಾಗ ಚೀಲವನ್ನು ಆ ಕಡೆಯ ಕೈಗೆ ಬದಲಾಯಿಸಿಕೊಂಡು ಹೋಗತೊಡಗಿದರು.

ಮಗ ಪ್ರದೀಪ ಸುಮ್ಮನಿರುವವನಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ ಬಂದು ಅಂಗಡಿಗೆ ಕೂತವನು. ಮದುವೆ ರಾಂಪುರದ ಕಡೆ ಆಗಿತ್ತು. ಭಾವಮೈದುನನ ಜೊತೆ ಬಳ್ಳಾರಿಗೆ ಹೋಗಿ ಇಂಥವೇ ಅಂಗಡಿಗಳನ್ನು ಸುತ್ತಿ ನೋಡಿ ಬಂದ.

"ಅಪ್ಪ, ಜನ ಇನ್ಮೇಲೆ ಕೌಂಟರ್ ಮುಂದೆ ನಿಂತು ಅದು ಕೊಡು ಇದು ಕೊಡು ಅನ್ನಲ್ಲ. ತಾವೇ ಮುಟ್ಟಿ ನೋಡಿ ತಗಂತಾರೆ."

"ಪ್ಲಾಸ್ಟಿಕ್ ಒಳಗಿರೋದನ್ನ ಏನೋ ಮುಟ್ಟಿ ನೋಡ್ತಾರೆ?"

"ನೀನು ಹಿಂಗೇ ಅಂತಿರು. ಆ ಗಾಜಿನ ಅಂಗಡಿಯೋರು ಮುಂದಿನ ವರ್ಷ ನಮ್ಮ ಅಂಗಡೀನ ಗೋಡೌನ್ ಮಾಡ್ಕಂತಾರೆ."

ಹನುಮಣ್ಣ ಮೊಂಡನಲ್ಲ. ಅವನ ಅಪ್ಪ ಸೇರು-ಪಾವು ಬಿಟ್ಟು ಕಿಲೋ ಹಿಡಿದಾಗಲೂ ಊರು ಬಾಯಿ ಬಡಿದುಕೊಂಡಿತ್ತಂತೆ. ಬದಲಾಗದಿದ್ದರೆ ನೊಣ ಹೊಡೆಯಬೇಕಾಗುತ್ತದೆ ಅಂತ ಅವನಿಗೂ ಗೊತ್ತಿತ್ತು. ಅವನ ತಕರಾರು ಒಂದೇ.

"ಎಲ್ಲಾ ಸರಿ ಕಣೋ. ಕೊಸರು ಹೆಂಗೆ ಹಾಕೋದು?"

"ಸೀಲ್ ಮಾಡಿದ ಪ್ಯಾಕೆಟ್ಟಿಗೆ ಕೊಸರಾ? ಹರಿದು ಹಾಕಿ ಮತ್ತೆ ಹೊಲೀತೀಯಾ?" ಅಂತ ಪ್ರದೀಪ ನಕ್ಕ. "ಅಪ್ಪ, ಅದೆಲ್ಲ ಮುಗೀತು. ಗಾಜಿನ ಅಂಗಡೀಲಿ ಯಾರಾದ್ರೂ ಕೇಳ್ತಾರಾ?"

ಹೆಂಡತಿ ರೇಣುಕಮ್ಮ ಮಗನ ಕಡೆ ವಾಲಿದಳು. ಒಂದು ತಿಂಗಳು ಅಂಗಡಿಯಲ್ಲಿ ಬಡಗಿಯ ಸದ್ದು. ಎಷ್ಟೋ ಕಾಲದ ಕೌಂಟರನ್ನು ಕಿತ್ತು ಕಬ್ಬಿಣದ ರ‍್ಯಾಕು ನಿಲ್ಲಿಸಿದರು. ಟ್ಯೂಬ್‌ಲೈಟು ಹಾಕಿದರು. ಬಾಗಿಲ ಹತ್ತಿರ ಬಿಲ್ಲಿನ ಮೇಜು, ಅಲ್ಲಿ ಪ್ರದೀಪ. ಹಿಂದಿನ ಕೋಣೆಯಲ್ಲಿ ತೂಗಿ ಪ್ಯಾಕೆಟ್ ಮಾಡುವ ಕೆಲಸ, ಅಲ್ಲಿ ಹನುಮಣ್ಣ.

ಆ ಕೋಣೆಯಲ್ಲಿ ಹನುಮಣ್ಣ ಒಂದು ಉಪಾಯ ಮಾಡಿಕೊಂಡ. ಪ್ರತಿ ಪ್ಯಾಕೆಟ್ಟನ್ನೂ ಸರಿಯಾಗಿ ತೂಗುವುದು. ಕರೆಂಟಿನ ತಕ್ಕಡಿಯ ಅಂಕೆ ನಿಂತ ಮೇಲೆ ಒಂದು ಚೂರು ಮೇಲೆ ಸುರಿದು ಸೀಲ್ ಮಾಡುವುದು. ಸಕ್ಕರೆಗೆ ಚಮಚ ಸಕ್ಕರೆ, ತೊಗರಿಬೇಳೆಗೆ ಚಿಟಿಕೆ ಬೇಳೆ. ಯಾರೂ ಎದುರಿಗಿಲ್ಲದಿದ್ದರೂ, ಸುರಿಯುವಾಗ ಬಾಯಲ್ಲಿ "ತೂಕ ಮುಗೀತು, ಇದು ನಿಂದು" ಅಂತ ಬರುತ್ತಿತ್ತು. ಪ್ರದೀಪ ಕಂಡೂ ಕಾಣದ ಹಾಗೆ ಇದ್ದ. ಮುದುಕನ ಸಮಾಧಾನಕ್ಕೆ ಆಗಲಿ ಅಂದುಕೊಂಡ. ಹನುಮಣ್ಣನಿಗೆ ಮನಸ್ಸು ಹಗುರಾಯಿತು. ಹೊಸ ಅಂಗಡಿಯೂ ಆಯಿತು, ಕೊಸರೂ ಉಳಿಯಿತು, ಇನ್ನೇನು ಬೇಕು? ಒಳಗೆ ಹಾಕಿದ್ದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು ಅನ್ನುವುದು ಮಾತ್ರ ಆ ಮನುಷ್ಯನ ತಲೆಗೆ ಹೊಳೆಯಲೇ ಇಲ್ಲ.

ಅಂಗಡಿ ತೆರೆದರು. ಊರವರು ಬಂದರು, ಗಾಜಿನ ಅಂಗಡಿಯಲ್ಲಿ ಕಲಿತಿದ್ದ ಹಾಗೆ ಬುಟ್ಟಿ ಹಿಡಿದು ಓಡಾಡಿದರು, ಬಿಲ್ಲಿನ ದುಡ್ಡು ಕೊಟ್ಟು ಹೋದರು. ಕೊಸರಿನ ಮಾತನ್ನು ಯಾರೂ ಎತ್ತಲಿಲ್ಲ. ಪ್ರದೀಪ ಅಪ್ಪನ ಕಡೆ ನೋಡಿ ಹುಬ್ಬು ಹಾರಿಸಿದ. ಹನುಮಣ್ಣನ ಯೋಚನೆಯೆಲ್ಲ ಸಂತೆಯ ದಿನದ ಮೇಲಿತ್ತು. ಸೂರಮ್ಮ ಬರಬೇಕು, ಅವಳು ಒಪ್ಪಬೇಕು. ಅವಳು ಒಪ್ಪಿದರೆ ದೊಡ್ಡಉಳ್ಳಾರ್ತಿ ಒಪ್ಪಿದ ಹಾಗೆ. ಒಪ್ಪದಿದ್ದರೆ ಅರ್ಧ ಅಂಗಡಿ ಮುಚ್ಚಿದ ಹಾಗೆ.

ಸೂರಮ್ಮ ಬಂದಳು. ಹೆಂಗಸರ ಹಿಂಡಿನ ಜೊತೆಗೇ ಬಂದಳು. ಬಾಗಿಲಲ್ಲಿ ನಿಂತು, "ಅಯ್ಯಯ್ಯಪ್ಪ, ಏನ್ಲಾ ಇದು, ಆಸ್ಪತ್ರೆ ಮಾಡ್ಬಿಟ್ಟೀಯಲ್ಲೋ!" ಅಂದಳು. ಹನುಮಣ್ಣ ನಗುತ್ತ ತಾನೇ ಬುಟ್ಟಿ ಕೈಗೆ ಕೊಟ್ಟು, ಯಾವುದು ಎಲ್ಲೈತೆ ಅಂತ ತೋರಿಸಿ, ಇಲ್ಲಿ ಎಲ್ಲಾ ನೀವೇ ತಗೋಬೇಕು ಅಂದ. ಅಷ್ಟರಲ್ಲಿ ಸಕ್ಕರೆ ಮುಗಿಯಿತು ಅಂತ ಕೂಗು ಬಂತು, ಹಿಂದಿನ ಕೋಣೆಗೆ ಹೋದ. ಹೋಗಬಾರದಿತ್ತು, ಆದರೆ ಹೋದ.

ಸೂರಮ್ಮ ನಿಧಾನಕ್ಕೆ ಎಲ್ಲ ಆರಿಸಿದಳು. ಬೆಲ್ಲ, ಚಾಪುಡಿ, ಬೇಳೆ, ಕೊಬ್ಬರಿ, ಸೋಪು. ಮೇಜಿನ ಹತ್ತಿರ ಬಂದು ಲೆಕ್ಕ ಚುಕ್ತಾ ಮಾಡಿ, ಚೀಲ ಕೆಳಗಿಟ್ಟು, ನಿಂತಳು. ಹಿಂದೆ ಸಾಲು ಬೆಳೆದಿತ್ತು.

"ಆತಲ್ಲ, ಪಕ್ಕಕ್ಕೆ ಸರೀರಿ," ಅಂದ ಪ್ರದೀಪ, ತಲೆ ಎತ್ತದೆ.

"ಕೊಸರು ಕೊಡಪ್ಪ, ಹೋಗ್ತೀನಿ."

"ಹಾಂ ಹಾಂ, ಆತು ಆತು," ಅಂದ. ಅವನಿಗೆ ಕೇಳಿಸಿತ್ತೋ ಇಲ್ಲವೋ ದೇವರೇ ಬಲ್ಲ. ಬಿಲ್ಲಿನ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತ್ತು, ಅವನು ಅದರ ಜೊತೆ ಗುದ್ದಾಡುತ್ತಿದ್ದ.

ಆತು ಅಂದರೆ ಸೂರಮ್ಮ ಏನೆಂದು ತಿಳಿಯಬೇಕು? ಇಲ್ಲಿ ಎಲ್ಲವನ್ನೂ ತಾವೇ ತಗೋಬೇಕು ಅಂತ ಈಗ ತಾನೇ ಹನುಮಣ್ಣ ಹೇಳಿದ್ದ. ಕೊಸರೂ ತಾನೇ ತಗೋಬೇಕು ಅಂದುಕೊಂಡಳು. ರ‍್ಯಾಕಿನ ಹತ್ತಿರ ಹೋದಳು, ಹುರಿಗಡಲೆಯ ಪ್ಯಾಕೆಟ್ಟು ಎತ್ತಿದಳು, ಹಲ್ಲಿನಲ್ಲಿ ಮೂಲೆ ಕಚ್ಚಿ ಹರಿದಳು. ಒಂದೇ ಒಂದು ಹಿಡಿ ಸೆರಗಿಗೆ ಸುರಿದುಕೊಂಡಳು, ಉಳಿದದ್ದನ್ನು ಬಾಯಿ ಮಡಚಿ ಇದ್ದ ಜಾಗದಲ್ಲೇ ಇಟ್ಟಳು. ಎಲ್ಲರ ಎದುರಿಗೆ, ಹಾಡುಹಗಲಲ್ಲಿ.

"ಏಯ್! ಯಾರದು? ಏನ್ ಮಾಡ್ತಿದ್ದೀಯಮ್ಮ? ಕದೀತೀಯಾ?"

ಕೂಗಿದ ಮೇಲೆ ಪ್ರದೀಪನಿಗೆ ಮುಖ ಕಂಡಿತು. ಚಿಕ್ಕಂದಿನಿಂದ ನೋಡಿದ ಮುಖ. ಅಲ್ಲಿಗೇ ನಾಲಿಗೆ ಕಚ್ಚಿಕೊಂಡು, ತಪ್ಪಾತಜ್ಜಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇಡೀ ಸಾಲು ಅವನನ್ನೇ ನೋಡುತ್ತಿತ್ತು. ಹರೆಯದ ಬಿಂಕ ನೋಡಿ, ಹಿಂದಕ್ಕೆ ಬರಲು ಬಿಡಲಿಲ್ಲ.

"ಯಾರಾದ್ರೇನು? ಹಿಂಗೆ ಹರಿದು ತಗಂಡ್ರೆ ಅದು ಕಳ್ತನಾನೇ."

ಗದ್ದಲ ಕೇಳಿ ಹನುಮಣ್ಣ ಹಿಂದಿನ ಕೋಣೆಯಿಂದ ಓಡಿ ಬಂದ. ಸೂರಮ್ಮ ಸೆರಗು ಹಿಡಿದುಕೊಂಡು ಅಂಗಡಿಯ ನಡುವೆ ನಿಂತಿದ್ದಳು. ಅವನನ್ನು ನೋಡಿದ್ದೇ ಅವಳ ಮುಖ ತಿಳಿಯಾಯಿತು.

"ಬಾರೋ ಹನುಮಣ್ಣ. ಹೇಳೋ ನಿನ್ನ ಮಗನಿಗೆ, ಕೊಸರು ಅಂದ್ರೇನು ಅಂತ."

ಹನುಮಣ್ಣನ ಒಂದು ಕಡೆ ಮಗ, ಇನ್ನೊಂದು ಕಡೆ ಸೂರಮ್ಮ. ಸುತ್ತಲೂ ಊರಿನ ಹೊಸ ಗಿರಾಕಿಗಳು. ಮಗನ ಮರ್ಯಾದೆ ಕಳೆದರೆ ಅವನು ನಾಳೆ ಈ ಮೇಜಿಗೆ ಕೂರುವುದಿಲ್ಲ. ಇಬ್ಬರಿಗೂ ನೋವಾಗದ ಹಾಗೆ ಮಾತಾಡಬೇಕು ಅಂತ ಯೋಚಿಸಿದ. ಯೋಚಿಸಿ ಆಡಿದ ಮಾತು ಇದು:

"ಹೋಗ್ಲಿ ಬಿಡೋ ಪ್ರದೀಪ. ಪಾಪ, ವಯಸ್ಸಾದೋರು. ಒಂದು ಹಿಡಿ ತಗಂಡ್ರೆ ನಮ್ಮ ಗಂಟೇನು ಹೋಗುತ್ತೆ?"

ಅಯ್ಯೋ, ಅದೆಂಥ ಮಾತು ಆಡಿದೆಯೋ ಹನುಮಣ್ಣ! ಸುಮ್ಮನೆ ಬಾಯಿ ಮುಚ್ಚಿಕೊಂಡು ನಿಂತಿದ್ದರೂ ವಾಸಿ ಇತ್ತು. ಮಗ ಕದೀತೀಯಾ ಅಂದ. ಅಪ್ಪ ಅದನ್ನು ಹೌದು ಮಾಡಿ, ಮೇಲಿಂದ ಕ್ಷಮಿಸಿಯೂ ಬಿಟ್ಟ.

ಸೂರಮ್ಮನ ಮುಖ ಬಿಳಿಚಿತು. ಬೈಯಬಹುದು ಅಂತ ಎಲ್ಲರೂ ಕಾದರು. ಅವಳು ಬೈಯಲಿಲ್ಲ. ಮೇಜಿನ ಹತ್ತಿರ ಬಂದು, ಸೆರಗು ಬಿಚ್ಚಿ, ಹುರಿಗಡಲೆಯನ್ನು ಪೂರಾ ಮೇಜಿನ ಮೇಲೆ ಸುರಿದಳು. ಸೆರಗಿಗೆ ಅಂಟಿದ್ದ ಒಂದೆರಡು ಕಾಳನ್ನೂ ಆರಿಸಿ ಹಾಕಿದಳು.

"ನೀನ್ ಬಿಡೋಕೆ ನಾನ್ ಏನ್ ಕದ್ದಿದ್ನೋ ಹನುಮಣ್ಣ?" ಅಂದಳು.

ಚೀಲ ಎತ್ತಿಕೊಂಡು ಇಳಿದು ಹೋದಳು. ಅವಳ ಹಿಂದೆ ಓಣಿಯ ಹೆಂಗಸರು ತುಂಬಿದ ಬುಟ್ಟಿಗಳನ್ನು ಹಾಗೇ ನೆಲದ ಮೇಲೆ ಇಟ್ಟು, ಒಬ್ಬರ ಹಿಂದೊಬ್ಬರು ಇಳಿದು ಹೋದರು.

ಮುಂದಿನ ಸಂತೆಗೆ ದೊಡ್ಡಉಳ್ಳಾರ್ತಿಯವರು ಅಂಗಡಿಯ ಮುಂದೆಯೇ ಹಾದು ಗಾಜಿನ ಅಂಗಡಿಗೆ ಹೋದರು. ಅದರ ಮುಂದಿನ ಸಂತೆಗೂ ಹೋದರು. ಪ್ರದೀಪನ ಬಿಂಕ ಇಳಿಯಿತು. ರ‍್ಯಾಕಿನ ಬೆಲ್ಲಕ್ಕೆ ಇರುವೆ ಹತ್ತತೊಡಗಿದಾಗ, "ಅಪ್ಪ, ನಾನು ಹಂಗನ್ನಬಾರದಿತ್ತು," ಅಂದ. ಮಗ ಅಂದದ್ದಕ್ಕಿಂತ ತಾನು ಅಂದದ್ದೇ ಹನುಮಣ್ಣನನ್ನು ತಿನ್ನುತ್ತಿತ್ತು.

"ನಾನು ಪ್ರತಿ ಪ್ಯಾಕೆಟ್ಟಿಗೂ ಕೊಸರು ಹಾಕೀನಿ ಕಣೇ. ಅವಳು ಒಯ್ದಿದ್ದರಲ್ಲೂ ಇತ್ತು," ಅಂದ ರೇಣುಕಮ್ಮನ ಹತ್ತಿರ.

"ಅದನ್ನ ಯಾರಿಗೆ ಹೇಳಿದ್ರಿ?"

"ಹೇಳೋದೇನು ಬಂತು?"

"ಹೇಳ್ದೆ, ತೋರಿಸ್ದೆ, ಕತ್ತಲೆ ಕೋಣೇಲಿ ಕೂತ್ಕಂಡು ಹಾಕಿದ್ರೆ ಅದು ಕೊಸರಾ? ಇಲಿಗೆ ಹಾಕ್ದಂಗೆ ಆತು. ಇಲ್ಲಿ ಕೂತು ಒದ್ದಾಡೋ ಬದ್ಲು ಎದ್ದು ಹೋಗಿ ಆಯಮ್ಮನ ಕಾಲು ಹಿಡ್ಕಳ್ರಿ."

ಹನುಮಣ್ಣ ದೊಡ್ಡಉಳ್ಳಾರ್ತಿಗೆ ಹೋದ. ಸೂರಮ್ಮ ಮನೆ ಮುಂದೆ ಶೇಂಗಾ ಸುಲಿಯುತ್ತ ಕೂತಿದ್ದಳು. ಬಂದವನನ್ನು ನೋಡಿ ಎದ್ದಳು, ಚಾಪೆ ಹಾಸಿದಳು, ಕೈಕಾಲಿಗೆ ನೀರು ಕೊಟ್ಟಳು, ಸೊಸೆಯನ್ನು ಕೂಗಿ ಮಜ್ಜಿಗೆ ತರಿಸಿದಳು. ಒಂದು ಬಿರುಸಿನ ಮಾತಿಲ್ಲ. ಬೈದಿದ್ದರೆ ಹನುಮಣ್ಣನಿಗೆ ಎಷ್ಟೋ ಸಲೀಸಾಗುತ್ತಿತ್ತು.

"ಸೂರಕ್ಕ, ನಾನು ಪ್ಯಾಕೆಟ್ ಒಳಗೇ ಕೊಸರು ಹಾಕಿದ್ದೆ. ದೇವ್ರಾಣೆಗೂ ಹಾಕಿದ್ದೆ."

"ಹಾಕಿರ್ತೀಯ ಬಿಡು. ನಿಮ್ಮಪ್ಪನ ಕೈ ಅದು, ಸುಮ್ನೆ ಇರಲ್ಲ," ಅಂದಳು. "ಆದ್ರೆ ನನಗೆ ಕಾಣದಂಗೆ ಕೊಟ್ಟಿದ್ದು ನನಗೆ ಹೆಂಗಪ್ಪ ಗೊತ್ತಾಗ್ಬೇಕು?"

"ಗಾಜಿನ ಅಂಗಡಿಯೋರು ಕೊಡ್ತಾರಾ ಕೊಸರು?" ಕೇಳಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ ಮಾತು ಅದು. ಬಾಯಿಂದ ಬಿದ್ದೇ ಬಿಟ್ಟಿತು.

"ಎಲ್ಲಿ ಕೊಡ್ತಾರೆ? ಒಂದು ಕಾಳೂ ಕೊಡಲ್ಲ."

"ಮತ್ತೆ?"

"ಮತ್ತೇನು? ಅವರತ್ರ ನಾನೂ ಕೇಳಲ್ಲ. ಅವರ್ಯಾರೋ ನಾನ್ಯಾರೋ. ಕೊಂಡೆ, ಕೊಟ್ಟೆ, ಬಂದೆ." ಸೂರಮ್ಮ ಶೇಂಗಾ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. "ಕೊಸರು ಅಂದ್ರೆ ಎಲ್ಲರತ್ರ ಕೇಳೋದಲ್ಲ ಹನುಮಣ್ಣ. ನಿನ್ನತ್ರ ಕೇಳ್ಬೋದು ಅಂತ ತಿಳ್ಕಂಡಿದ್ದೆ."

ಅರವತ್ತರ ಹತ್ತಿರ ಬಂದ ಗಂಡಸು, ಓಣಿಯ ಹೆಂಗಸರು ಜಗುಲಿಗಳ ಮೇಲಿಂದ ನೋಡುತ್ತಿದ್ದಾರೆ ಅನ್ನುವುದನ್ನೂ ಮರೆತು ಕಣ್ಣೊರೆಸಿಕೊಂಡ.

"ತಪ್ಪಾತು ಸೂರಕ್ಕ. ಮಗ ಅಂದಿದ್ದಲ್ಲ, ನಾನು ಅಂದಿದ್ದು ತಪ್ಪು. ಬಾ ಅಂಗಡಿಗೆ. ಮೇಜಿಗೆ ನಾನೇ ಕೂರ್ತೀನಿ. ನಿನ್ನ ಕೊಸರು ನಾನೇ ಹಾಕ್ತೀನಿ, ಎಲ್ಲರ ಎದುರಿಗೆ."

ಸೂರಮ್ಮ ತಲೆ ಎತ್ತಿ ಅವನನ್ನು ನೋಡಿದಳು. ಕರುಣೆಯೇ ಇತ್ತು ಆ ನೋಟದಲ್ಲಿ.

"ಅಳಬ್ಯಾಡ ಸುಮ್ನಿರು. ಗಂಡಸಲ್ಲೇನೋ ನೀನು? ಬರ್ತೀನಿ. ನಮ್ಮೋರಿಗೂ ಹೇಳ್ತೀನಿ. ನಿನ್ನ ವ್ಯಾಪಾರ ಕೆಡಿಸಿ ನನಗೇನಾಗ್ಬೇಕು."

ಮುಂದಿನ ಸಂತೆಯ ದಿನ ಹನುಮಣ್ಣ ಬೆಳಗ್ಗೆಯೇ ಮಗನನ್ನು ಹಿಂದಿನ ಕೋಣೆಗೆ ಕಳಿಸಿ ಬಿಲ್ಲಿನ ಮೇಜಿಗೆ ತಾನೇ ಕೂತ. ಮೇಜಿನ ಪಕ್ಕದಲ್ಲಿ ಒಂದು ಮೊರದ ತುಂಬ ಹುರಿಗಡಲೆ, ಬೆಲ್ಲದ ಚೂರು. ಬಿಲ್ಲಿನ ದುಡ್ಡು ಕೊಟ್ಟವರಿಗೆಲ್ಲ ಒಂದು ಹಿಡಿ. ಊರಿನವರು ಮೊದಲು ಬೆರಗಾಗಿ, ಆಮೇಲೆ ನಗುತ್ತ ಕೈ ಒಡ್ಡಿದರು. ಗಾಜಿನ ಅಂಗಡಿಗೆ ಹೋಗುತ್ತಿದ್ದ ಪಕ್ಕದ ಮನೆಯವರೂ ಬಂದು, "ಹನುಮಣ್ಣೋರೆ, ನಮ್ದು ಮರೀಬ್ಯಾಡ್ರಿ," ಅಂದರು. ಪ್ರದೀಪ ಹಿಂದಿನಿಂದ ಇಣುಕಿ ನೋಡಿ, ಇದೂ ಒಳ್ಳೆಯ ಸ್ಕೀಮೇ ಅಂದುಕೊಂಡ.

ಸೂರಮ್ಮ ಮಾತಿಗೆ ತಪ್ಪುವವಳಲ್ಲ. ಇಡೀ ಓಣಿಯನ್ನು ಕರೆದುಕೊಂಡೇ ಬಂದಳು. ಬುಟ್ಟಿ ತಾನೇ ತಗೊಂಡಳು. ಯಾವುದು ಎಲ್ಲಿದೆ ಅಂತ ಯಾರನ್ನೂ ಕೇಳಲಿಲ್ಲ. ಬೆಲ್ಲ, ಚಾಪುಡಿ, ಬೇಳೆ ಎಲ್ಲ ಆರಿಸಿ ಮೇಜಿಗೆ ತಂದಿಟ್ಟಳು. ಹನುಮಣ್ಣ ಬಿಲ್ಲು ಮಾಡುವಾಗ ಅವಳೇನಾದರೂ ಅನ್ನುತ್ತಾಳೆ ಅಂತ ಕಾದ. ಗುಬ್ಬಿ, ಮಾಳಿಗೆ, ಏನಾದರೂ. ಅವಳು ಕೊಡಬೇಕಾದ್ದನ್ನು ಕೊಟ್ಟಳು, ಚಿಲ್ಲರೆ ತಗೊಂಡಳು.

ಹನುಮಣ್ಣ ಮೊರಕ್ಕೆ ಕೈ ಹಾಕಿ ದೊಡ್ಡ ಹಿಡಿ ತುಂಬಿಕೊಂಡ. ಅಷ್ಟು ದೊಡ್ಡ ಹಿಡಿಯನ್ನು ಅವತ್ತು ಬೇರೆ ಯಾರಿಗೂ ಹಾಕಿರಲಿಲ್ಲ. ಬೆರಳ ಸಂದಿಯಿಂದ ಕಾಳು ಉದುರುತ್ತಿದ್ದವು.

"ಸೂರಕ್ಕ, ಸೆರಗು ಹಿಡಿ. ಇದು ನಿಂದು."

ಸೂರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಅದನ್ನು ಬಿಚ್ಚಲಿಲ್ಲ. ಚೀಲದ ಬಾಯಿಗೆ ಗಂಟು ಹಾಕಿ ತಲೆಯ ಮೇಲೆ ಎತ್ತಿಟ್ಟುಕೊಂಡಳು.

"ಬ್ಯಾಡ ಬಿಡ್ರಿ ಸಾವ್ಕಾರ್ರೆ. ನಂದೆಲ್ಲ ಬಂದೈತೆ," ಅಂದಳು. ಸಿಟ್ಟಿನಿಂದಲ್ಲ, ಗಾಜಿನ ಅಂಗಡಿಯವರ ಹತ್ತಿರ ಹೇಳುವ ಹಾಗೆ ಹೇಳಿದಳು. ಹೇಳಿ ಮೆಟ್ಟಿಲು ಇಳಿದಳು.

ಅವಳ ಹಿಂದಿದ್ದ ಹೆಂಗಸು ಆಗಲೇ ಸೆರಗು ಒಡ್ಡಿ ನಿಂತಿದ್ದಳು. "ನನಗೆ ಹಾಕಣ್ಣ, ಟೆಂಪೋ ಹೋಗುತ್ತೆ," ಅಂದಳು. ಹನುಮಣ್ಣ ಆ ಹಿಡಿಯನ್ನು ಅವಳ ಸೆರಗಿಗೆ ಸುರಿದ.

"ಎಲ್ಲಾರೂ ವಾಪಸ್ ಬಂದ್ರಲ್ಲಪ್ಪ," ಅಂದ ಪ್ರದೀಪ ಖುಷಿಯಿಂದ, ಸಕ್ಕರೆ ಪ್ಯಾಕೆಟ್ಟುಗಳನ್ನು ತಬ್ಬಿಕೊಂಡು ರ‍್ಯಾಕಿನ ಕಡೆ ಹೋಗುತ್ತ.

"ಗಿರಾಕಿಗಳು ಬಂದ್ರು ಕಣೋ," ಅಂದು ಹನುಮಣ್ಣ ಮುಂದಿನ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.